ಲೋಕಲ್ ಪ್ರಯಾಣದ ಚೀಲ: ಏನನ್ನು ಇಟ್ಟುಕೊಂಡೆ, ಏನನ್ನು ಬಿಟ್ಟೆ

ಮುಂಬಯಿಯ ಹೊರವಲಯದ ಡೊಂಬಿವಲಿಯಿಂದ ನಗರದ ದಕ್ಷಿಣದಲ್ಲಿರುವ ಫೋರ್ಟಿನ ಕಚೇರಿಗೆ ಸೆಂಟ್ರಲ್ ಲೈನಿನ ಲೋಕಲ್ ರೈಲಿನಲ್ಲಿ ದಿನವೂ ಓಡಾಡುವ ನಾನು, ತುರ್ತು ಸಂದರ್ಭಕ್ಕಾಗಿ ಚೀಲದಲ್ಲಿ ಏನೇನಿರಬೇಕು ಎಂದು ಯೋಚಿಸತೊಡಗಿದಾಗ ಮೊದಲು ಸಿದ್ಧ ಪಟ್ಟಿಗಳನ್ನೆಲ್ಲ ಬದಿಗಿಟ್ಟೆ. ಕಾಡಿನಲ್ಲಿ ದಾರಿ ತಪ್ಪಿದವರಿಗೆ ಬೇಕಾಗುವ ದಿಕ್ಸೂಚಿ, ಹಗ್ಗ, ಬೆಂಕಿ ಹೊತ್ತಿಸುವ ಸಲಕರಣೆಗಳಿಂದ ಮುಂಬಯಿಯ ಲೋಕಲ್ ಪ್ರಯಾಣಿಕಳಿಗೆ ಆಗುವ ಉಪಯೋಗ ಅಷ್ಟಕ್ಕಷ್ಟೆ. ನನ್ನ ದಾರಿಯಲ್ಲಿ ನಿಜವಾಗಿ ಏನೇನು ನಿಂತುಹೋಗುತ್ತದೆ ಎಂದು ಕೇಳಿಕೊಂಡೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದಾಗ ರೈಲು, ರಸ್ತೆ, ವಿದ್ಯುತ್ತು, ಫೋನುಗಳೆಲ್ಲ ಒಟ್ಟಿಗೆ ಕೈಕೊಟ್ಟಿದ್ದವು; 2020ರ ಅಕ್ಟೋಬರ್ 12ರಂದು ಮಳೆಗೆ ಸಂಬಂಧವೇ ಇಲ್ಲದಂತೆ ವಿದ್ಯುತ್ ಜಾಲ ಕುಸಿದು, ಬೆಳಗಿನ ಕಚೇರಿಯ ಹೊತ್ತಿನಲ್ಲೇ ಲೋಕಲ್‌ಗಳು ನಿಂತಲ್ಲೇ ನಿಂತವು. ಹಾಗಾಗಿ ನನ್ನ ಚೀಲ ಸಿದ್ಧವಾಗಬೇಕಾಗಿದ್ದು ಕೆಲವು ಗಂಟೆ ಸಿಕ್ಕಿಹಾಕಿಕೊಂಡು, ಆಮೇಲೆ ಬಹುಶಃ ನಡೆದೇ ಹೋಗಬೇಕಾದ ಒಬ್ಬಳಿಗಾಗಿ.

ಎರಡು ನಿಬಂಧನೆಗಳನ್ನು ಹಾಕಿಕೊಂಡೆ. ಜನಜಂಗುಳಿಯ ಮಹಿಳಾ ಬೋಗಿಯಲ್ಲಿ ಚೀಲವನ್ನು ಎದೆಗವಚಿಕೊಂಡೇ ನಿಲ್ಲಬೇಕಾದ್ದರಿಂದ, ಊಟದ ಡಬ್ಬಿ ಮತ್ತು ನೀರನ್ನು ಬಿಟ್ಟು ಉಳಿದದ್ದೆಲ್ಲ ಸೇರಿ ಒಂದು ಕಿಲೋ ಮೀರಬಾರದು. ಎರಡನೆಯದಾಗಿ, ಸಾಧ್ಯವಾದಷ್ಟು ವಸ್ತುಗಳು ಸಾಮಾನ್ಯ ದಿನಗಳಲ್ಲೂ ಬಳಕೆಗೆ ಬರುವಂತಿರಬೇಕು, ಏಕೆಂದರೆ ಎಂದೂ ಕೈಗೆ ಬಾರದ ವಸ್ತು ಬಹುಬೇಗ ಮನೆಯ ಕಪಾಟು ಸೇರುತ್ತದೆ.

ಪವರ್ ಬ್ಯಾಂಕಿನ ಆಯ್ಕೆಯಲ್ಲಿ ಬಹಳ ಜನ ದೊಡ್ಡ ಅಂಕಿಗೆ ಮರುಳಾಗುತ್ತಾರೆ. 10,000 ಎಂಎಎಚ್ (ಬ್ಯಾಟರಿಯ ಸಾಮರ್ಥ್ಯದ ಅಳತೆ) ಎಂದು ಬರೆದಿರುವುದು ಒಳಗಿನ ಕೋಶಗಳ 3.7 ವೋಲ್ಟಿನ ಲೆಕ್ಕ; 5 ವೋಲ್ಟಿಗೆ ಏರಿಸುವಾಗ ಆಗುವ ನಷ್ಟವನ್ನು ಕಳೆದರೆ ಸಿಗುವುದು ಸುಮಾರು 6,000. ಇಂದಿನ ಫೋನೊಂದನ್ನು ಒಂದು ಸಲ ಪೂರ್ತಿ ತುಂಬಿಸಲು ಅಷ್ಟು ಸಾಕು. 20,000ದ್ದು ತೂಕದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗುವುದರಿಂದ ನಾನು ಅದನ್ನು ಕೊಳ್ಳಲಿಲ್ಲ. ಫೋನಿನ ಬೆಳಕನ್ನೇ ನೆಚ್ಚಿಕೊಂಡರೆ ಅದರ ಬ್ಯಾಟರಿ ಅಲ್ಲೇ ಕರಗುವುದರಿಂದ, ಒಂದೇ ಎಎ ಸೆಲ್ಲಿನ ಪುಟ್ಟ ಟಾರ್ಚನ್ನೂ ಇಟ್ಟುಕೊಂಡಿದ್ದೇನೆ. ಆ ಸೆಲ್ಲು ಯಾವ ಕಿರಾಣಿ ಅಂಗಡಿಯಲ್ಲಾದರೂ ಸಿಗುತ್ತದೆ.

ಫೋನು ಸತ್ತ ಮೇಲೆ ಯುಪಿಐ ಕೂಡ ಇಲ್ಲ. ಆದ್ದರಿಂದ ಹತ್ತು, ಇಪ್ಪತ್ತು, ಐವತ್ತು, ನೂರರ ನೋಟುಗಳಲ್ಲಿ ಐನೂರು ರೂಪಾಯಿ, ಜಿಪ್ ಇರುವ ಪ್ಲಾಸ್ಟಿಕ್ ಲಕೋಟೆಯಲ್ಲಿ. ಅದೇ ಲಕೋಟೆಯಲ್ಲಿ ಪೆನ್ಸಿಲಿನಿಂದ ಬರೆದ ಒಂದು ಚೀಟಿಯಿದೆ, ಶಾಯಿಯಾದರೆ ನೀರಿಗೆ ಹರಡುತ್ತದೆ. ಒಂದು ಬದಿಯಲ್ಲಿ ನನ್ನ ರಕ್ತದ ಗುಂಪು, ಮನೆಯವರ ಸಂಖ್ಯೆ, ತುರ್ತು ಸೇವೆಯ 112, ರೈಲ್ವೆಯ 139, ಪಾಲಿಕೆಯ ವಿಪತ್ತು ನಿಯಂತ್ರಣ ಕೊಠಡಿಯ 1916. ಇವನ್ನು ದೇವನಾಗರಿಯಲ್ಲೂ ಇಂಗ್ಲಿಷಿನಲ್ಲೂ ಬರೆದಿದ್ದೇನೆ, ಏಕೆಂದರೆ ನನಗೆ ಪ್ರಜ್ಞೆ ತಪ್ಪಿದಾಗ ಓದುವವರಿಗೆ ಕನ್ನಡ ಬಾರದಿರುವ ಸಂಭವವೇ ಹೆಚ್ಚು. ಇನ್ನೊಂದು ಬದಿ ಕನ್ನಡದ್ದು: ಮಾಟುಂಗಾದಲ್ಲಿ ಮೈಸೂರು ಅಸೋಸಿಯೇಷನ್ನಿನ ಸಮೀಪವಿರುವ ದೊಡ್ಡಮ್ಮನ ಮನೆ, ಘಾಟ್ಕೋಪರ್ ಮತ್ತು ಮುಲುಂಡಿನ ಪರಿಚಯಸ್ಥರ ವಿಳಾಸಗಳು. ಮಾಟುಂಗಾ ಮತ್ತು ಘಾಟ್ಕೋಪರ್ ನಡುವೆ ಬರುವ ಸಾಯನ್ ಮತ್ತು ಕುರ್ಲಾದ ತಗ್ಗಿನ ಹಳಿಗಳಲ್ಲಿ ನೀರು ನಿಂತರೆ ರೈಲು ಅದರ ಈಚೆಗೋ ಆಚೆಗೋ ನಿಲ್ಲುತ್ತದೆ, ಎರಡೂ ಕಡೆ ರಾತ್ರಿ ಕಳೆಯಲೊಂದು ಮನೆ ಗೊತ್ತಿರುವುದು ಯಾವ ಸಲಕರಣೆಗಿಂತಲೂ ದೊಡ್ಡದು.

ಮಳೆಗಾಲದ ನಾಲ್ಕು ತಿಂಗಳು ಚೀಲದ ಸ್ವರೂಪವೇ ಬದಲಾಗುತ್ತದೆ. ಪ್ರವಾಹದ ನೀರಿನಲ್ಲಿ ಇಲಿಯಂತಹ ಪ್ರಾಣಿಗಳ ಮೂತ್ರ ಬೆರೆತು, ಕಾಲಿನ ಸಣ್ಣ ಗಾಯದ ಮೂಲಕವೂ ಲೆಪ್ಟೊಸ್ಪೈರೋಸಿಸ್, ಎಂದರೆ ಇಲಿಜ್ವರ, ಅಂಟಿಕೊಳ್ಳಬಹುದು. ಆ ಕಾರಣಕ್ಕೆ ಜಲನಿರೋಧಕ ಬ್ಯಾಂಡೇಜು ಪಟ್ಟಿಗಳು ಮತ್ತು ಸೋಪಿನ ತುಂಡು. ಅಂತಹ ನೀರಿನಲ್ಲಿ ನಡೆದವರು 72 ಗಂಟೆಗಳೊಳಗೆ ವೈದ್ಯರ ಸಲಹೆಯಂತೆ ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳಬೇಕೆಂದು ಪಾಲಿಕೆ ಹೇಳುತ್ತ ಬಂದಿದೆ. ಆ ಮಾತ್ರೆಯನ್ನು ನಾನು ಹೊತ್ತು ತಿರುಗುವುದಿಲ್ಲ, ವೈದ್ಯರ ಬಳಿ ಹೋಗಲು ಅಷ್ಟು ಕಾಲಾವಕಾಶ ಸಾಕು. ಮಡಚುವ ಕೊಡೆಗಿಂತ ನೀಳ ಕೊಡೆಯೇ ಮೇಲು ಎಂಬುದು ನನ್ನ ಅಭಿಪ್ರಾಯ: ಕಲಕಿದ ನೀರಿನ ಕೆಳಗೆ ಮ್ಯಾನ್‌ಹೋಲಿನ ಮುಚ್ಚಳ ಇದೆಯೋ ಇಲ್ಲವೋ ಎಂದು ತಡವಿ ನೋಡಲು ಅದು ಕೋಲಾಗುತ್ತದೆ. ಬೋಗಿಯಲ್ಲಿ ಪಕ್ಕದವರ ಗೊಣಗಾಟವನ್ನು ಸಹಿಸಿಕೊಳ್ಳಬೇಕು, ಅಷ್ಟೆ.

ಉಳಿದವು ಸಣ್ಣವು: ಒಂದು ಸೀಟಿ, ಎರಡು ಸ್ಯಾನಿಟರಿ ಪ್ಯಾಡ್, ಬಿಡಿಬಿಡಿಯಾಗಿ ಕಟ್ಟಿದ ಶೇಂಗಾ ಚಿಕ್ಕಿ, ದಿನವೂ ನುಂಗುವ ಥೈರಾಯ್ಡ್ ಮಾತ್ರೆಯ ಎರಡು ದಿನದ ಪಾಲು. ಓಆರ್‌ಎಸ್ (ನೀರಿಗೆ ಬೆರೆಸಿ ಕುಡಿಯುವ ಉಪ್ಪು-ಸಕ್ಕರೆಯ ಪುಡಿ) ಕೊಳ್ಳುವಾಗ ಮಾತ್ರ ಪೊಟ್ಟಣದ ಮೇಲಿನ ಅಳತೆಯನ್ನು ಓದಬೇಕು. ಒಂದು ಲೀಟರಿನ ಪುಡಿಯನ್ನು ಅರ್ಧ ಲೀಟರಿನ ಬಾಟಲಿಗೆ ಸುರಿದರೆ ಲವಣಾಂಶ ಹೆಚ್ಚಾಗಿ ಅಪಾಯವಾಗುವುದರಿಂದ, ನಾನು 200 ಮಿಲಿಲೀಟರಿನ ಪೊಟ್ಟಣಗಳನ್ನೇ ಆರಿಸಿದ್ದೇನೆ.

ಚಾಕುವನ್ನು ಬೇಕೆಂದೇ ಬಿಟ್ಟಿದ್ದೇನೆ. ಮೆಟ್ರೊ ಮತ್ತು ಮಾಲುಗಳ ತಪಾಸಣೆಯಲ್ಲಿ ಅದಕ್ಕಾಗಿ ವಾದಿಸುತ್ತ ನಿಲ್ಲುವಷ್ಟು ಪ್ರಯೋಜನ ಅದರಿಂದ ಕಾಣಲಿಲ್ಲ. ಒಂದು ಜೊತೆ ಬಟ್ಟೆ ಮತ್ತು ಪಟ್ಟಿಯಿರುವ ರಬ್ಬರ್ ಚಪ್ಪಲಿ ಕಚೇರಿಯ ಮೇಜಿನ ಖಾನೆಯಲ್ಲಿವೆ, ಅವುಗಳ ಭಾರವನ್ನು ದಿನವೂ ಹೊರಬೇಕಿಲ್ಲ. ಮೇ ಕೊನೆಯ ವಾರದಲ್ಲಿ ಎಲ್ಲವನ್ನೂ ಹೊರತೆಗೆದು, ಮಾತ್ರೆಗಳ ಅವಧಿಯನ್ನು ನೋಡಿ, ಟಾರ್ಚಿನ ಸೆಲ್ಲನ್ನು ಬದಲಿಸುತ್ತೇನೆ. ಹಳೆಯ ಆಲ್ಕಲೈನ್ ಸೆಲ್ಲು ಒಳಗೇ ಸೋರಿದರೆ ಟಾರ್ಚೇ ಕೆಡುತ್ತದೆ.