ಕೂಸಿನ ಕರುಳಿಗೆ ಎದೆಹಾಲಿನ ಸಕ್ಕರೆಯನ್ನು ತಲುಪಿಸುವುದು ಹೇಗೆ?

ಹಾಲಿನ ಮುಖ್ಯ ಸಕ್ಕರೆಯಾದ ಲ್ಯಾಕ್ಟೋಸ್ ಮತ್ತು ಕೊಬ್ಬನ್ನು ಬಿಟ್ಟರೆ ಎದೆಹಾಲಿನಲ್ಲಿ ಅತಿ ಹೆಚ್ಚಾಗಿರುವ ಘನಾಂಶ ಯಾವುದೋ ಅದನ್ನು ಕೂಸು ಅರಗಿಸಿಕೊಳ್ಳಲಾರದು. ಆಲಿಗೋಸ್ಯಾಕರೈಡ್ ಎಂಬ ಈ ಸಕ್ಕರೆಗಳಲ್ಲಿ 150ಕ್ಕೂ ಹೆಚ್ಚು ಬಗೆಗಳಿವೆ; ಹೊಟ್ಟೆಯ ಆಮ್ಲಕ್ಕಾಗಲಿ ಸಣ್ಣ ಕರುಳಿನ ಕಿಣ್ವಗಳಿಗಾಗಲಿ ಜಗ್ಗದೆ ಅವು ಬಹುಪಾಲು ಹಾಗೆಯೇ ದೊಡ್ಡ ಕರುಳನ್ನು ಸೇರುತ್ತವೆ. ಅಲ್ಲಿ ಅವು ಬೈಫಿಡೊಬ್ಯಾಕ್ಟೀರಿಯಾ ಎಂಬ ಉಪಕಾರಿ ಬ್ಯಾಕ್ಟೀರಿಯಾಗಳಿಗೆ ಆಹಾರ. ಇವುಗಳಲ್ಲಿ ಇನ್‌ಫ್ಯಾಂಟಿಸ್ ಎಂಬ ಬಗೆಯು ಸಕ್ಕರೆಯನ್ನು ಇಡಿಯಾಗಿ ತನ್ನ ಕೋಶದೊಳಗೆ ಎಳೆದುಕೊಂಡು ಅಲ್ಲೇ ಒಡೆಯುವುದರಿಂದ ಬೇರೆ ಬ್ಯಾಕ್ಟೀರಿಯಾಗಳಿಗೆ ತುಣುಕೂ ಉಳಿಯುವುದಿಲ್ಲ. ಇದರಿಂದ ಹುಟ್ಟುವ ಅಸಿಟೇಟ್ ಮತ್ತು ಲ್ಯಾಕ್ಟೇಟ್ ಕರುಳನ್ನು ಆಮ್ಲೀಯವಾಗಿಸಿ, ಕೇಡು ಮಾಡುವ ಹಲವು ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ತಡೆಯುತ್ತವೆ. ಎದೆಹಾಲನ್ನಷ್ಟೇ ಕುಡಿಯುವ ಕೂಸಿನ ಲಂಗೋಟಿಯಲ್ಲಿ ಕಾಣುವ ಹಳದಿ ಬಣ್ಣದ, ತೆಳುವಾದ, ತುಸು ಹುಳಿವಾಸನೆಯ ಮಲವನ್ನು ಭೇದಿಯೆಂದು ಭಾವಿಸಿ ಗಾಬರಿಯಾಗಬೇಕಿಲ್ಲ.

ಮೊದಲು ಮಾಡಬೇಕಾದುದು, ಹೆರಿಗೆಯಾದ ಒಂದು ಗಂಟೆಯೊಳಗೆ, ಸಿಸೇರಿಯನ್ ಆಗಿದ್ದರೆ ಸಾಧ್ಯವಾದಷ್ಟು ಬೇಗ, ಕೂಸಿಗೆ ಮೊಲೆಯೂಡಿಸುವುದು. ಆರಂಭದ ಗಟ್ಟಿ ಹಳದಿ ಹಾಲಿನಲ್ಲಿ ಲೀಟರಿಗೆ ಸುಮಾರು 20ರಿಂದ 25 ಗ್ರಾಂ ಇರುವ ಈ ಸಕ್ಕರೆಗಳು ಮುಂದೆ 5ರಿಂದ 15 ಗ್ರಾಂಗೆ ಇಳಿಯುತ್ತವೆ. ಅಂಥ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವ ರೂಢಿ ಇನ್ನೂ ಕೆಲವು ಮನೆಗಳಲ್ಲಿರುವುದು ನಿಜಕ್ಕೂ ನೋವಿನ ಸಂಗತಿ.

ಬಳಿಕ 6 ತಿಂಗಳು ತುಂಬುವವರೆಗೆ ಬೇರೇನನ್ನೂ ಕುಡಿಸಬಾರದು. ಸಕ್ಕರೆ ನೀರು ಸಣ್ಣ ಕರುಳಿನಲ್ಲೇ ಹೀರಲ್ಪಡುತ್ತದೆ, ಅಲ್ಲದೆ ಹೊಟ್ಟೆ ತುಂಬಿದ ಕೂಸು ಹಾಲು ಚೀಪುವುದನ್ನು ಕಡಿಮೆ ಮಾಡುತ್ತದೆ. ಹಸುವಿನ ಹಾಲಿನಲ್ಲಿ ಈ ಸಕ್ಕರೆಗಳು ತೀರಾ ಅಲ್ಪ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನೆಕ್ಕಿಸಲೇಬಾರದು. ಅದರಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು.

ಕೆಲಸಕ್ಕೆ ಹೋಗುವ ತಾಯಂದಿರು ಹಾಲನ್ನು ಶುಚಿಯಾದ ಮುಚ್ಚಳದ ಪಾತ್ರೆಗೆ ಹಿಂಡಿಟ್ಟರೆ ತಂಪಾದ ಕೋಣೆಯಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಇಡಬಹುದು. ಅದನ್ನು ಕುದಿಸಬೇಡಿ. ಈ ಸಕ್ಕರೆಗಳು ಬಿಸಿಯನ್ನು ತಾಳಿಕೊಂಡರೂ ಹಾಲಿನ ರಕ್ಷಕ ಪ್ರೋಟೀನುಗಳು ತಾಳಲಾರವು; ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗಾಗಿಸಿ, ಒಳಲೆಯಲ್ಲಿ ಕುಡಿಸಿದರೆ ಸಾಕು.

ಈ ಸಕ್ಕರೆಗಳ ರಚನೆಯಲ್ಲಿ ಪಾತ್ರವಿರುವ ಎಫ್‌ಯುಟಿ2 ಎಂಬ ಜೀನ್ ತಾಯಿಯಲ್ಲಿ ಹೇಗಿದೆ ಎಂಬುದಕ್ಕೆ ತಕ್ಕಂತೆ ಸಕ್ಕರೆಗಳ ಬಗೆ ಬದಲಾಗುತ್ತದೆ. ಇದಕ್ಕಾಗಿ ಯಾವ ತಾಯಿಯೂ ಚಿಂತಿಸಬೇಕಿಲ್ಲ.

6 ತಿಂಗಳ ನಂತರ ರಾಗಿ ಸರಿ, ಬೇಳೆಕಟ್ಟು ಶುರುವಾದಾಗ ಮಲದ ಬಣ್ಣ, ವಾಸನೆ ಬದಲಾಗುವುದು ಸಹಜ. ಆಗಲೂ ಎದೆಹಾಲನ್ನು 2 ವರ್ಷದವರೆಗೆ ಮುಂದುವರಿಸಿ. ಅದು ಸಿಗುತ್ತಿರುವಷ್ಟು ಕಾಲ ಬೈಫಿಡೊಬ್ಯಾಕ್ಟೀರಿಯಾಗಳಿಗೆ ಆಹಾರವಿರುತ್ತದೆ, ಹಾಲು ಬಿಡಿಸಿದ ಮೇಲೆ ಕರುಳಿನ ಬ್ಯಾಕ್ಟೀರಿಯಾ ಸಮುದಾಯವು ಕ್ರಮೇಣ ದೊಡ್ಡವರದನ್ನು ಹೋಲತೊಡಗುತ್ತದೆ.