ಟ್ಯಾಂಕ್ ಸಿಮ್ಯುಲೇಟರ್‌ಗೆ ನೆಲ ಕಟ್ಟಿದ ಅನುಭವ

ಟ್ಯಾಂಕ್ ಸಿಬ್ಬಂದಿಯ ತರಬೇತಿಗೆ ಸಿಮ್ಯುಲೇಟರ್ ರೂಪಿಸುವ ತಂಡದಲ್ಲಿ ನನ್ನ ಪಾಲಿಗೆ ಬಂದದ್ದು ನೆಲ. ಬೆಟ್ಟ ಕಣಿವೆಗಳ ಒಟ್ಟು ಆಕಾರಕ್ಕೆ, 2000ನೇ ಇಸವಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ ರೇಡಾರ್‌ನಿಂದ ಅಳೆದ ಎತ್ತರದ ದತ್ತಾಂಶವನ್ನು ಬಳಸಿಕೊಂಡೆ. ಸುಮಾರು 30 ಮೀಟರಿಗೊಂದು ಬಿಂದು. ಮೇಲೆ ಉಪಗ್ರಹ ಚಿತ್ರ ಹೊದಿಸಿದರೆ ನೋಟಕ್ಕೆ ಕೊರತೆಯಿಲ್ಲ. ಆದರೆ ಚಾಲಕನನ್ನು ಕೂರಿಸಿದರೆ ವಾಹನ ಕುಲುಕದೆ ತೇಲಿಕೊಂಡು ಹೋಗುತ್ತದೆ.

ಕಾರಣ ಲೆಕ್ಕದಲ್ಲೇ ಇದೆ. 30 ಮೀಟರ್ ಅಂತರದ ಬಿಂದುಗಳಲ್ಲಿ 60 ಮೀಟರಿಗಿಂತ ಗಿಡ್ಡದಾದ ಏರಿಳಿತ ಮೂಡುವುದಿಲ್ಲ. ಗಂಟೆಗೆ 36 ಕಿ.ಮೀ. ವೇಗದಲ್ಲಿ ಅದನ್ನು ದಾಟಲು 6 ಸೆಕೆಂಡು ಬೇಕು. ಟ್ಯಾಂಕಿನ ಸಸ್ಪೆನ್ಷನ್ ತೂಗುವುದು ಸೆಕೆಂಡಿಗೆ ಸುಮಾರು ಒಂದು ಸಲ. ಅದನ್ನು ಅಲುಗಿಸಲು 10 ಮೀಟರ್ ಮತ್ತು ಅದಕ್ಕೂ ಚಿಕ್ಕ ತಗ್ಗುದಿಣ್ಣೆಗಳು ಬೇಕು. ಅವು ದತ್ತಾಂಶದಲ್ಲಿಲ್ಲ, ನಾವೇ ಹುಟ್ಟಿಸಬೇಕು. ಎಲ್ಲೆಡೆ ಒಂದೇ ಬಗೆಯ ಒರಟುತನ ಎರಚಿದರೆ ಚಾಲಕ ಏನನ್ನೂ ಕಲಿಯಲಾರ. ಉತ್ತ ಹೊಲಕ್ಕೆ ದಿಕ್ಕಿದೆ: ಸಾಲಿಗೆ ಅಡ್ಡವಾಗಿ ಹೋದರೆ ಮೈಯೆಲ್ಲ ಕುಲುಕಬೇಕು, ಸಾಲಿನ ಗುಂಟ ಹೋದರೆ ಸರಾಗವಾಗಬೇಕು. ಮುಚ್ಚಿದ ಹ್ಯಾಚ್‌ನೊಳಗೆ (ತಲೆಯ ಮೇಲಿನ ಮುಚ್ಚಳದಡಿ) ಪೆರಿಸ್ಕೋಪಿನ ಕಿರಿದಾದ ನೋಟವೊಂದೇ ಇರುವವನಿಗೆ ನೆಲದ ಸುದ್ದಿ ಬಹುಪಾಲು ತಲುಪುವುದು ಆಸನದ ಮೂಲಕ.

ಮಣ್ಣಿನ ಗಟ್ಟಿತನಕ್ಕೆ ಎಂ. ಜಿ. ಬೆಕ್ಕರ್ ಅವರ ಸೂತ್ರ ಹಿಡಿದೆ. ಚಂದ್ರನ ಮೇಲೆ ಓಡಿದ ರೋವರ್‌ಗೂ ದುಡಿದವರು ಅವರು. ಎಷ್ಟು ಒತ್ತಡಕ್ಕೆ ಎಷ್ಟು ಆಳ ಹೂಳುತ್ತದೆ ಎಂಬುದು ಅದರಿಂದ ಸಿಗುತ್ತದೆ. ಆದರೆ ಒದ್ದೆ ಜೇಡಿಮಣ್ಣು ತುಳಿದಷ್ಟೂ ಬಲ ಕಳೆದುಕೊಳ್ಳುತ್ತದೆ. ಮೊದಲ ಟ್ಯಾಂಕ್ ಸಲೀಸಾಗಿ ದಾಟಿದ ಜಾಡಿನಲ್ಲೇ ಅದರ ಹಿಂದೆ ಬರುವುದು ಹೂತುಕೊಳ್ಳಬಹುದು. ಹಾಗಾಗಿ ಪ್ರತಿ ಜಾಡಿನ ನೆನಪನ್ನೂ ನೆಲದಲ್ಲಿ ಉಳಿಸುವ ವ್ಯವಸ್ಥೆ ಮಾಡಿದೆ. ಮುಂದಿನವರ ಜಾಡು ಬಿಟ್ಟು ಪಕ್ಕಕ್ಕೆ ಸರಿಯಬೇಕೆಂಬ ಅರಿವು ಚಾಲಕನಿಗೆ ಇಲ್ಲಿಯೇ ಬರಬೇಕು.

ಹುಲ್ಲು, ಮೋಡ, ಧೂಳಿನ ಅಂದಕ್ಕಿಂತ ದಿಣ್ಣೆಗಳ ನೆತ್ತಿಗೆ ನಾನು ಹೆಚ್ಚು ಸಮಯ ಕೊಡುತ್ತೇನೆ. ಒಡಲನ್ನು ದಿಣ್ಣೆಯ ಹಿಂದೆ ಮರೆಸಿ ತೋಪು ಹೊತ್ತ ಮೇಲಿನ ಗೋಪುರವನ್ನಷ್ಟೇ ಹೊರಗಿಟ್ಟು ಗುಂಡು ಹಾರಿಸುವುದು ಟ್ಯಾಂಕ್ ಕಮಾಂಡರ್‌ನ ಮೂಲಪಾಠ. ಅಲ್ಲಿ ಅರ್ಧ ಮೀಟರಿಗೂ ಬೆಲೆಯಿದೆ. ಕಂಪ್ಯೂಟರಿನ ಹೊರೆ ಇಳಿಸಲು ದೂರದ ನೆಲವನ್ನು ಕಡಿಮೆ ಬಿಂದುಗಳಲ್ಲಿ ಬಿಡಿಸಿ ಸರಳಗೊಳಿಸುವುದು ರೂಢಿ. ಹಾಗೆ ಮಾಡಿದಾಗ ದಿಣ್ಣೆಯ ನೆತ್ತಿ ಸವೆದು, ಮರೆಯಲ್ಲಿದ್ದೇನೆ ಎಂದುಕೊಂಡವನು ಎದುರಾಳಿಯ ಪರದೆಯಲ್ಲಿ ಬಯಲಾಗಿ ನಿಂತಿರುತ್ತಾನೆ. ಅದಕ್ಕೇ ನೆತ್ತಿಯ ಗೆರೆಗಳನ್ನು ಯಾವ ಹಂತದಲ್ಲೂ ಸರಳಗೊಳಿಸಲು ಬಿಡುವುದಿಲ್ಲ. ಉಳಿದ ನೆಲಕ್ಕೂ ಬರಿಯ ದೂರ ನೋಡಿದರೆ ಸಾಲದು. ಗನ್ನರ್‌ನ ದೂರದರ್ಶಕ 10 ಪಟ್ಟು ಹಿಗ್ಗಿಸಿ ತೋರಿಸುವಾಗ 2 ಕಿ.ಮೀ. ಆಚೆಯ ನೆಲವನ್ನು 200 ಮೀಟರಿನಲ್ಲಿದೆ ಎಂದೇ ಎಣಿಸಿ ವಿವರ ತುಂಬಬೇಕು.