ಸಿನಿಮಾ ಹೇಗೆ ಕಟ್ಟಿದ್ದಾರೆ ಅಂತ ನೋಡಬೇಕಾ? ಒಂದೇ ಸೀನ್ ಸಾಕು

ಸಿನಿಮಾ ವಿಶ್ಲೇಷಣೆ ಕಲಿಯಲು ನೂರು ಸಿನಿಮಾಗಳ ಪಟ್ಟಿ ಬೇಕಿಲ್ಲ. ಈಗಾಗಲೇ ನೋಡಿರುವ ಒಂದನ್ನು ತೆಗೆದುಕೊಳ್ಳಿ. ಕಥೆ ಗೊತ್ತಿರಲೇಬೇಕು, ಯಾಕಂದ್ರೆ ಮುಂದೇನಾಗುತ್ತದೋ ಅನ್ನುವ ಕುತೂಹಲ ಇರುವ ತನಕ ಕ್ಯಾಮೆರಾ ಎಲ್ಲಿದೆ ಅನ್ನುವ ಕಡೆ ಗಮನವೇ ಹೋಗುವುದಿಲ್ಲ. ಅದರಲ್ಲಿ ಎರಡು ಮೂರು ನಿಮಿಷದ ಒಂದು ಸೀನ್ ಆರಿಸಿ. ಫೈಟು, ಹಾಡು ಸದ್ಯಕ್ಕೆ ಬೇಡ. ಇಬ್ಬರು ಕೂತು ಮಾತಾಡುವ ಸೀನ್ ಇರಲಿ.

ಮೊದಲು ಮ್ಯೂಟ್ ಮಾಡಿ ನೋಡಿ. ಪ್ರತಿ ಕಟ್‌ಗೂ, ಅಂದ್ರೆ ಒಂದು ಶಾಟ್ ಮುಗಿದು ಇನ್ನೊಂದು ಶುರುವಾದಾಗಲೆಲ್ಲ, ಹಾಳೆಯ ಮೇಲೆ ಒಂದು ಗೆರೆ ಎಳೆಯಿರಿ. ಎರಡನೇ ಸಲ ಪ್ರತಿ ಕಟ್‌ನಲ್ಲೂ ನಿಲ್ಲಿಸಿ, ಇಲ್ಲೇ ಯಾಕೆ ಕತ್ತರಿಸಿದರು ಅಂತ ಕೇಳಿಕೊಳ್ಳಿ. ಮಾತಾಡುವವರನ್ನು ಬಿಟ್ಟು ಕೇಳಿಸಿಕೊಳ್ಳುವವರ ಮುಖವನ್ನೇ ಜಾಸ್ತಿ ತೋರಿಸಿದ್ದಾರಾ? ಹಾಗಾದರೆ ಮಾತು ಯಾರದ್ದೇ ಆಗಲಿ, ಸೀನ್ ಕೇಳಿಸಿಕೊಳ್ಳುವವರದ್ದು. ಕ್ಲೋಸ್‌ಅಪ್ ಯಾವ ಮಾತಿಗೆ ಉಳಿಸಿಟ್ಟಿದ್ದಾರೆ ನೋಡಿ. (ಸೀರಿಯಲ್‌ಗಳಲ್ಲಿ ಎಲ್ಲದಕ್ಕೂ ಕ್ಲೋಸ್‌ಅಪ್, ಹಾಗಾಗಿ ಯಾವುದಕ್ಕೂ ತೂಕ ಇಲ್ಲ.) ಸುಮಾರು ನೂರು ವರ್ಷದ ಹಿಂದೆ ರಷ್ಯಾದ ನಿರ್ದೇಶಕ ಲೆವ್ ಕುಲೆಶೋವ್ ಒಬ್ಬ ನಟನ ಮುಖದ ಒಂದೇ ಶಾಟನ್ನು ಒಮ್ಮೆ ಸೂಪಿನ ಬಟ್ಟಲಿನ ಜೊತೆ, ಇನ್ನೊಮ್ಮೆ ಶವಪೆಟ್ಟಿಗೆಯ ಜೊತೆ ಜೋಡಿಸಿ ತೋರಿಸಿದ್ದರು. ನೋಡಿದವರಿಗೆ ಅದೇ ಮುಖದಲ್ಲಿ ಮೊದಲು ಹಸಿವು, ಆಮೇಲೆ ದುಃಖ ಕಂಡಿತಂತೆ. ‘ಏನ್ ಆಕ್ಟಿಂಗ್ ಗುರು’ ಅನ್ನುವ ಮುಂಚೆ ಸಂಕಲನಕಾರರನ್ನೂ ನೆನೆಸಿಕೊಳ್ಳಿ.

ಆಮೇಲೆ ಕಣ್ಣು ಮುಚ್ಚಿ ಬರೀ ಸದ್ದು ಕೇಳಿ. 2015ರ ‘ತಿಥಿ’ಯಲ್ಲಿ ಹಿನ್ನೆಲೆ ಸಂಗೀತವೇ ಇಲ್ಲ, ನಟಿಸಿದವರು ಮಂಡ್ಯ ಕಡೆಯ ಹಳ್ಳಿ ಜನ. ಎಲ್ಲಿ ನಗಬೇಕು, ಎಲ್ಲಿ ಮರುಗಬೇಕು ಅಂತ ಪಿಟೀಲು ಹೇಳಿಕೊಡುವುದಿಲ್ಲ, ನಾವೇ ತೀರ್ಮಾನಿಸಬೇಕು. ಅದರ ಎದುರಿಗೆ ಯಾವುದಾದರೂ ದೊಡ್ಡ ಹೀರೋ ಎಂಟ್ರಿಯನ್ನು ಮ್ಯೂಟ್ ಮಾಡಿ ನೋಡಿ. ಒಬ್ಬ ಮನುಷ್ಯ ಕಾರಿಂದ ಇಳಿದು ನಿಧಾನಕ್ಕೆ ನಡೆದು ಬರುತ್ತಿರುತ್ತಾನೆ, ಅಷ್ಟೇ.

ಬೆಳಕು ಸ್ವಲ್ಪ ಕಷ್ಟ. ಚಿತ್ರ ನಿಲ್ಲಿಸಿ ಮೂಗಿನ ನೆರಳು ಯಾವ ಕಡೆ ಬಿದ್ದಿದೆ ನೋಡಿ. ಬೆಳಕು ಬರುವ ಕಡೆ ಕಿಟಕಿಯೋ ದೀಪವೋ ಸೀನ್‌ನಲ್ಲಿ ಇದೆಯಾ? ಇಲ್ಲದಿದ್ದರೆ ಆ ಬೆಳಕನ್ನು ಭಾವಕ್ಕಾಗಿ ಇಟ್ಟಿದ್ದಾರೆ. ಇದಕ್ಕೆ ನಮ್ಮ ಮೈಸೂರಿನ ವಿ.ಕೆ. ಮೂರ್ತಿ ಅವರ ಛಾಯಾಗ್ರಹಣಕ್ಕಿಂತ ಒಳ್ಳೆಯ ಪಾಠ ನನಗಂತೂ ಗೊತ್ತಿಲ್ಲ. ಅವರು ಕ್ಯಾಮೆರಾ ಹಿಡಿದ 1959ರ ಹಿಂದಿ ಸಿನಿಮಾ ‘ಕಾಗಜ್ ಕೆ ಫೂಲ್’ ಭಾರತದ ಮೊದಲ ಸಿನಿಮಾಸ್ಕೋಪ್ (ಅಗಲ ಪರದೆಯ) ಚಿತ್ರ. ಅದರಲ್ಲಿ ‘ವಕ್ತ್ ನೆ ಕಿಯಾ’ ಹಾಡು ಹುಡುಕಿ. ಖಾಲಿ ಸ್ಟುಡಿಯೋದ ಕತ್ತಲೊಳಗೆ ಮೇಲಿಂದ ಇಳಿಯುವ ಆ ಬಿಸಿಲುಕೋಲು ನಿಜವಾದ ಬಿಸಿಲೇ, ಹೊರಗಿನ ಸೂರ್ಯನ ಬೆಳಕನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಒಳಗೆ ಬೀಳಿಸಿದ್ದರು. ಇಬ್ಬರ ನಡುವೆ ಎಷ್ಟು ಕತ್ತಲು ಬಿಟ್ಟಿದ್ದಾರೆ, ಯಾರು ಯಾವಾಗ ಬೆಳಕಿಗೆ ಬರುತ್ತಾರೆ ಅನ್ನುವುದನ್ನು ಮಾತ್ರ ಬರೆದುಕೊಳ್ಳಿ, ಹಾಡಿನ ಅರ್ಥ ಆಮೇಲೆ ನೋಡಿದರಾಯಿತು.

‘ಮೇಕಿಂಗ್’ ವಿಡಿಯೋಗಳನ್ನು ಜಾಸ್ತಿ ನಂಬಬೇಡಿ, ಬಹುಪಾಲು ಪ್ರಚಾರವೇ.

ಅದಕ್ಕಿಂತ ಫೋನ್ ಹಿಡಿದು ನೀವೇ ಶೂಟ್ ಮಾಡಿ. ಇಬ್ಬರನ್ನು ಎದುರುಬದುರು ಕೂರಿಸಿ, ಒಬ್ಬರಿಂದ ಇನ್ನೊಬ್ಬರಿಗೆ ಒಂದು ಗೆರೆ ಎಳೆದಿದೆ ಅಂದುಕೊಂಡು ಅದರ ಒಂದೇ ಪಕ್ಕದಿಂದ ಒಬ್ಬೊಬ್ಬರನ್ನೂ ತೆಗೆಯಿರಿ. ಆಮೇಲೆ ಬೇಕಂತಲೇ ಗೆರೆ ದಾಟಿ, ಒಬ್ಬರನ್ನು ಆ ಕಡೆಯಿಂದ ತೆಗೆದು ಜೋಡಿಸಿ. ಇಬ್ಬರೂ ಒಂದೇ ದಿಕ್ಕಿಗೆ ನೋಡುತ್ತಾ ಇನ್ಯಾರೋ ಮೂರನೆಯವರ ಹತ್ತಿರ ಮಾತಾಡಿದ ಹಾಗೆ ಕಾಣುತ್ತದೆ.